ಯಾವತ್ತಿನಿಂದ ಹೀಗೆ?

"ಯಾವತ್ತಿನಿಂದ ಹೀಗೆ?" ಎಂದು ವೈದ್ಯರು ಕೇಳಿದಾಗ ಹೆಚ್ಚಿನ ತಂದೆತಾಯಂದಿರಿಗೆ ದಿನ ಹೇಳಲು ಬರುವುದಿಲ್ಲ. ಮಕ್ಕಳಲ್ಲಿ ಗೀಳು ಕಾಯಿಲೆ, ಅಂಜಿಕೆ, ಕಣ್ಣು ಮಿಟುಕಿಸುವ ಅಥವಾ ಭುಜ ಹಾರಿಸುವ ಟಿಕ್‌ಗಳು ಸಾಮಾನ್ಯವಾಗಿ ಮೆಲ್ಲಗೆ, ತಿಂಗಳುಗಟ್ಟಲೆ ಬಲಿಯುತ್ತ ಬರುತ್ತವೆ. ಆದರೆ ಕೆಲವರು ದಿನವನ್ನಷ್ಟೇ ಅಲ್ಲ, ಹೊತ್ತನ್ನೂ ಹೇಳುತ್ತಾರೆ. ಸೋಮವಾರ ನಗುತ್ತ ಶಾಲೆಗೆ ಹೋಗಿಬಂದ ಮಗು ಬುಧವಾರದ ಹೊತ್ತಿಗೆ ಬೇರೆಯೇ ಆಗಿದೆ. ಕೈ ತೊಳೆದೂ ತೊಳೆದೂ ಬೆರಳ ಸಂದಿಯ ಚರ್ಮ ಬಿರಿದಿದೆ. ಅನ್ನದಲ್ಲಿ ಏನೋ ಸೇರಿದೆ ಎಂದು ಹೆದರಿ ತಟ್ಟೆ ಮುಟ್ಟುತ್ತಿಲ್ಲ. ಅಮ್ಮನನ್ನು ಬಿಟ್ಟು ಪಕ್ಕದ ಕೋಣೆಗೂ ಹೋಗುತ್ತಿಲ್ಲ. ಎಂಟು ವರ್ಷದ ಮಗುವಿನ ಹಾಸಿಗೆ ಮತ್ತೆ ಒದ್ದೆಯಾಗುತ್ತಿದೆ. ಕೆಲವು ದಿನಗಳ ಹಿಂದೆ ಗಂಟಲು ನೋವೋ ಜ್ವರವೋ ಬಂದುಹೋಗಿತ್ತು, ಅಷ್ಟೇ. ಸೋಂಕಿನ ಬೆನ್ನಿಗೆ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬೀಳುವ ಕಾಯಿಲೆಗಳ ಬಾಗಿಲಲ್ಲಿ ನಿಂತ ಮನೆಗಳ ಚಿತ್ರ ಇದು. ಈ ಕಾಯಿಲೆಗಳ ಬಗ್ಗೆ ವೈದ್ಯಲೋಕದಲ್ಲೇ ಒಮ್ಮತವಿಲ್ಲ. ಆದರೂ ಒಂದು ಮಾತನ್ನು ಗಟ್ಟಿಯಾಗಿ ಹೇಳಬಹುದು: ತಾಯಿ ಹೇಳುವ ಆ ದಿನಾಂಕವನ್ನು ನಂಬಬೇಕು, ಅದರ ಜಾಡು ಹಿಡಿದು ದೇಹ ಮನಸ್ಸು ಎರಡನ್ನೂ ಪರೀಕ್ಷಿಸಬೇಕು. ಕಾಯಿಲೆಯ ಹೆಸರು ಖಚಿತವಾಗುವವರೆಗೆ ಮಗುವಿಗೆ ಸಿಗಬೇಕಾದ ಆಸರೆಯನ್ನು ಮುಂದೂಡಬಾರದು.

ಗಂಟಲಿನ ಸೋಂಕು ಮಿದುಳನ್ನು ಕಾಡಬಲ್ಲದೆಂಬುದಕ್ಕೆ ಹಳೆಯ, ಯಾರೂ ಅಲ್ಲಗಳೆಯದ ಸಾಕ್ಷಿಯೊಂದಿದೆ. 1686ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ ಮಕ್ಕಳ ವಿಚಿತ್ರ ಚಲನೆಯೊಂದನ್ನು ವರ್ಣಿಸಿದ. ಮಗು ಒಂದು ಕಾಲನ್ನು ಎಳೆದು ನಡೆಯುತ್ತದೆ, ಕೈಯನ್ನು ಒಂದು ಗಳಿಗೆಯೂ ಒಂದೆಡೆ ಇಡಲಾರದು. ಕುಡಿಯಲು ಲೋಟ ಎತ್ತಿದರೆ ಅದು ನೇರ ಬಾಯಿಗೆ ಬರದೆ ಅತ್ತಿತ್ತ ಎಳೆದಾಡಿ ಹೇಗೋ ಒಮ್ಮೆ ತುಟಿಗೆ ತಾಗುತ್ತದೆ. ಸಂತ ವೈಟಸ್‌ನ ಕುಣಿತ ಎಂದು ಜನ ಕರೆಯುತ್ತಿದ್ದ ಈ ಕಾಯಿಲೆಯೇ ಇಂದಿನ ಸಿಡೆನ್‌ಹ್ಯಾಮ್ ಕೊರಿಯಾ. ಹೃದಯದ ಕವಾಟಗಳನ್ನು ಕೆಡಿಸುವ ರುಮ್ಯಾಟಿಕ್ ಜ್ವರದ ಇನ್ನೊಂದು ಮುಖ ಇದು. 1944ರಲ್ಲಿ ಅಮೆರಿಕದ ವೈದ್ಯ ಡಕೆಟ್ ಜೋನ್ಸ್ ಆ ಜ್ವರವನ್ನು ಗುರುತಿಸಲು ಪಟ್ಟಿ ಮಾಡಿದ ಮುಖ್ಯ ಲಕ್ಷಣಗಳಲ್ಲಿ ಕೊರಿಯಾವೂ ಸೇರಿತ್ತು, ಈಗಲೂ ಸೇರಿದೆ. ಇದನ್ನು ಪತ್ತೆ ಮಾಡುವ ಒಂದು ಪರೀಕ್ಷೆಗೆ ಯಾವ ಯಂತ್ರವೂ ಬೇಡ. ವೈದ್ಯರು ತಮ್ಮ ಎರಡು ಬೆರಳನ್ನು ಮಗುವಿನ ಅಂಗೈಗೆ ಕೊಟ್ಟು "ಗಟ್ಟಿಯಾಗಿ ಹಿಡಿದುಕೋ ಪುಟ್ಟಾ" ಎನ್ನುತ್ತಾರೆ. ಹಿಡಿತ ನಿಲ್ಲುವುದಿಲ್ಲ. ಬಿಗಿ, ಸಡಿಲ, ಮತ್ತೆ ಬಿಗಿ, ಮತ್ತೆ ಸಡಿಲ. ಹಸುವಿನ ಮೊಲೆ ಹಿಡಿದು ಹಾಲು ಕರೆದ ಹಾಗೆ. ವೈದ್ಯಕೀಯ ಪುಸ್ತಕಗಳೂ ಇದನ್ನು ಹಾಲು ಕರೆಯುವವಳ ಹಿಡಿತ ಎಂದೇ ಕರೆಯುತ್ತವೆ. ಈ ಮಕ್ಕಳಲ್ಲಿ ಕೈಕಾಲಿನ ಚಲನೆಯ ಜೊತೆಗೆ ಕಾರಣವಿಲ್ಲದ ಅಳು, ಸಿಡುಕು, ಗೀಳಿನ ಯೋಚನೆಗಳೂ ಕಾಣುತ್ತವೆ, ಕೆಲವೊಮ್ಮೆ ಚಲನೆಗಿಂತ ಮೊದಲೇ.

ಇದು ಹೇಗೆ ಆಗುತ್ತದೆ? ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಗಂಟಲಿಗೆ ಬಂದಾಗ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಈ ಬ್ಯಾಕ್ಟೀರಿಯಾದ ಹೊರಮೈಯ ಕೆಲವು ಅಂಶಗಳು ನಮ್ಮದೇ ಅಂಗಾಂಶಗಳ ಕೆಲವು ಅಂಶಗಳನ್ನು ಹೋಲುತ್ತವೆ. ಕೆಲವು ಮಕ್ಕಳಲ್ಲಿ ಪ್ರತಿಕಾಯಗಳು ಈ ಹೋಲಿಕೆಗೆ ಮೋಸಹೋಗಿ ಹೃದಯದ ಮೇಲೆ, ಕೀಲುಗಳ ಮೇಲೆ, ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗದ ಮೇಲೆ ಎರಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಬೇಸಲ್ ಗ್ಯಾಂಗ್ಲಿಯಾ ನಮ್ಮ ಚಲನೆಗಳನ್ನು ಹದದಲ್ಲಿಡುವ ಭಾಗ. ಒಂದು ಯೋಚನೆಯನ್ನೋ ಕೆಲಸವನ್ನೋ ಇಲ್ಲಿಗೆ ಸಾಕು ಎಂದು ನಿಲ್ಲಿಸುವ ಜಾಲದಲ್ಲೂ ಅದಕ್ಕೆ ಪಾಲಿದೆ. ಅಲ್ಲಿ ಉರಿಯೂತವಾದರೆ ಕೈ ತಾನಾಗಿ ಹಾರುವುದೂ, ಕೈ ತೊಳೆದದ್ದು ಸಾಲದು ಎಂದು ಮನಸ್ಸು ಕಾಡುವುದೂ ಒಟ್ಟಿಗೆ ಬರಬಹುದು ಎಂಬುದು ಆಶ್ಚರ್ಯದ ಸಂಗತಿಯಲ್ಲ. ಗಂಟಲು ನೋವಿಗೂ ಕೊರಿಯಾಕ್ಕೂ ನಡುವೆ ತಿಂಗಳುಗಳೇ ಕಳೆದಿರಬಹುದು. ಅಷ್ಟರಲ್ಲಿ ಮನೆಯವರು ಗಂಟಲು ನೋವನ್ನು ಮರೆತೇಬಿಟ್ಟಿರುತ್ತಾರೆ.

ಕೊರಿಯಾದ ಈ ಮಾದರಿಯನ್ನೇ ಮುಂದಿಟ್ಟುಕೊಂಡು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸೂಸನ್ ಸ್ವೀಡೊ ಮತ್ತು ಸಂಗಡಿಗರು 1998ರಲ್ಲಿ 50 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಈ ಮಕ್ಕಳಿಗೆ ಪೂರ್ಣಪ್ರಮಾಣದ ಕೊರಿಯಾ ಇರಲಿಲ್ಲ. ಆದರೆ ಸ್ಟ್ರೆಪ್ಟೊಕಾಕಸ್ ಸೋಂಕಿನ ಬೆನ್ನಿಗೆ ಗೀಳು ಅಥವಾ ಟಿಕ್ ಒಮ್ಮೆಲೇ ಕಾಣಿಸಿಕೊಂಡು, ಇಳಿದು, ಮತ್ತೆ ಏರುತ್ತಿತ್ತು. ಈ ಗುಂಪಿಗೆ ಅವರು ಪ್ಯಾಂಡಾಸ್ ಎಂದು ಹೆಸರಿಟ್ಟರು. ಮುಂದೆ ಬೇರೆ ಸೋಂಕುಗಳ ನಂತರವೂ, ಸೋಂಕು ಪತ್ತೆಯಾಗದೆಯೂ ಇಂಥ ಚಿತ್ರ ಕಂಡಿದ್ದರಿಂದ 2012ರಲ್ಲಿ ಪ್ಯಾನ್ಸ್ ಎಂಬ ವಿಶಾಲವಾದ ಹೆಸರು ಬಂತು. ಗೀಳು ಅಥವಾ ಊಟ ಬಿಡುವುದು ದಿಢೀರನೆ, ತೀವ್ರವಾಗಿ ಆರಂಭವಾಗಿರಬೇಕು. ಜೊತೆಗೆ ಅತಿಯಾದ ಆತಂಕ, ಸಿಡುಕು, ಮನಸ್ಸಿನ ಏರಿಳಿತ, ಪುಟ್ಟ ಮಗುವಿನಂತಾಗುವುದು, ಓದಿನಲ್ಲಿ ಹಿಂದೆ ಬೀಳುವುದು, ಕೈಬರಹ ಕೆಡುವುದು, ನಿದ್ದೆಗೇಡು, ಪದೇಪದೇ ಮೂತ್ರಕ್ಕೆ ಹೋಗುವುದು ಇಂಥವುಗಳಲ್ಲಿ ಕನಿಷ್ಠ ಎರಡು ಬಗೆಯವು ಅಷ್ಟೇ ದಿಢೀರನೆ ಬಂದಿರಬೇಕು. ಬೇರೆ ಯಾವ ಕಾಯಿಲೆಯೂ ಇದನ್ನು ವಿವರಿಸುವಂತಿರಬಾರದು. ಒಟ್ಟಿನಲ್ಲಿ ಈ ಹೆಸರಿನ ಜೀವಾಳವೇ ಆ ದಿಢೀರ್ ಆರಂಭ, ಅಂದರೆ ತಾಯಿ ಹೇಳುವ ಆ ದಿನಾಂಕ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಗಂಟಲು ನೋವು ಬಾರದ ವರ್ಷವಿಲ್ಲ. ಯಾವ ತೊಂದರೆಯೂ ಇಲ್ಲದೆ ಗಂಟಲಿನಲ್ಲಿ ಸ್ಟ್ರೆಪ್ಟೊಕಾಕಸ್ ಇಟ್ಟುಕೊಂಡು ಓಡಾಡುವ ಮಕ್ಕಳು ಹತ್ತಕ್ಕೊಬ್ಬರಾದರೂ ಸಿಗಬಹುದು. ಹೀಗಿರುವಾಗ ಸೋಂಕಿನ ನಂತರ ಗೀಳು ಬಂತೆಂದರೆ ಅದು ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದದ್ದು ಏಕಾಗಿರಬಾರದು? ಈ ಪ್ರಶ್ನೆಗೆ ಸಂಶೋಧನೆಗಳು ಕೊಟ್ಟಿರುವ ಉತ್ತರ ಒಂದೇ ಕಡೆಗೆ ವಾಲುವುದಿಲ್ಲ. ಡೆನ್ಮಾರ್ಕ್‌ನಲ್ಲಿ 10 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟ್ರೆಪ್ಟೊಕಾಕಸ್ ಇದೆಯೆಂದು ಪರೀಕ್ಷೆಯಲ್ಲಿ ಕಂಡುಬಂದ ಮಕ್ಕಳಿಗೆ ಗೀಳು ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು. ಆದರೆ ಬೇರೆ ಗಂಟಲು ಸೋಂಕುಗಳ ನಂತರವೂ ಸಂಭವ ತುಸು ಹೆಚ್ಚೇ ಇತ್ತು. ಇನ್ನೊಂದೆಡೆ, ಮೊದಲೇ ಟಿಕ್ ಕಾಯಿಲೆ ಇದ್ದ 700ಕ್ಕೂ ಹೆಚ್ಚು ಮಕ್ಕಳನ್ನು ಯುರೋಪಿನ ಹಲವು ಕೇಂದ್ರಗಳಲ್ಲಿ ತಿಂಗಳುಗಟ್ಟಲೆ ಹಿಂಬಾಲಿಸಿದ, 2021ರಲ್ಲಿ ಹೊರಬಂದ ಅಧ್ಯಯನಕ್ಕೆ ಸ್ಟ್ರೆಪ್ಟೊಕಾಕಸ್ ಸೋಂಕಿಗೂ ಟಿಕ್ ಉಲ್ಬಣಕ್ಕೂ ನಂಟು ಕಾಣಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿವೇಕದ ದಾರಿ ಕಾಣುತ್ತದೆ. ಯುರೋಪಿನ ಅಧ್ಯಯನದ ಮಕ್ಕಳಲ್ಲಿ ಹೆಚ್ಚಿನವರು ಸಾಮಾನ್ಯ ಬಗೆಯ, ಏರಿಳಿಯುತ್ತ ಬಂದ ಟಿಕ್ ಇದ್ದವರು. ಹಾಗಾಗಿ ಅದು ಹೇಳುವ ಪಾಠ, ಟಿಕ್ ಹೆಚ್ಚಾದಾಗಲೆಲ್ಲ ಗಂಟಲನ್ನು ದೂರಬೇಡಿ ಎಂಬುದು. ದಿಢೀರನೆ ಬದಲಾದ ಮಗುವನ್ನು ಪರೀಕ್ಷಿಸಬೇಡಿ ಎಂದು ಅದು ಹೇಳುವುದಿಲ್ಲ. ಡೆನ್ಮಾರ್ಕ್‌ನ ಅಧ್ಯಯನ ಸೋಂಕಿಗೂ ಮನಸ್ಸಿಗೂ ಇರುವ ನಂಟನ್ನು ತೋರಿಸುತ್ತದೆ. ಆದರೆ ಅದು ಲಕ್ಷಾಂತರ ಮಕ್ಕಳ ಒಟ್ಟು ಲೆಕ್ಕ. ನಿಮ್ಮ ಎದುರು ಕೂತ ಒಂದು ಮಗುವಿನಲ್ಲಿ ಸೋಂಕೇ ಕಾರಣವೆಂದು ಅದು ಸಾಧಿಸಲಾರದು. ಗಂಟಲ ದ್ರವದ ಪರೀಕ್ಷೆಯಲ್ಲಿ ಸೋಂಕು ಕಂಡರೆ, ಅಥವಾ ಸ್ಟ್ರೆಪ್ಟೊಕಾಕಸ್ ವಿರುದ್ಧದ ಪ್ರತಿಕಾಯಗಳನ್ನು ಅಳೆಯುವ ರಕ್ತದ ಎಎಸ್‌ಒ ಪರೀಕ್ಷೆ ಒಂದು ಸಲ ಹೆಚ್ಚು ಬಂದರೆ, ಅದೂ ಸಾಲದು. ಎಎಸ್‌ಒ ಸೋಂಕಿನ ನಂತರ ವಾರಗಳಲ್ಲಿ ಏರಿ ತಿಂಗಳುಗಳ ಕಾಲ ಮೇಲೆಯೇ ಉಳಿಯಬಹುದು. ಅದು ಸೋಂಕು ಬಂದುಹೋಗಿದೆ ಎಂದಷ್ಟೇ ಹೇಳುತ್ತದೆ, ಈ ಗೀಳಿಗೆ ಅದೇ ಕಾರಣ ಎಂದಲ್ಲ. ಪ್ಯಾನ್ಸ್ ಇದೆಯೋ ಇಲ್ಲವೋ ಎಂದು ಹೇಳಿಬಿಡುವ ಒಂದೇ ಒಂದು ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ಹೀಗಾಗಿ ಆರಂಭದ ಕಥೆಯೇ ಇಲ್ಲಿ ದೊಡ್ಡ ಸಾಕ್ಷ್ಯ.

ಖಚಿತವಿಲ್ಲದ ಕಾಯಿಲೆಯ ಬಗ್ಗೆ ಬರೆದು ತಂದೆತಾಯಿಗಳನ್ನು ಹೆದರಿಸುವುದೇಕೆ ಎಂದು ಕೇಳುವವರಿದ್ದಾರೆ. ಉತ್ತರ ಇಷ್ಟೇ: ದಿಢೀರ್ ಬದಲಾವಣೆಯನ್ನು ಹಟ ಎಂದು ತಳ್ಳಿಹಾಕಿದರೆ ತಪ್ಪಿಹೋಗುವುದು ಪ್ಯಾನ್ಸ್ ಒಂದೇ ಅಲ್ಲ, ಖಚಿತವಾಗಿ ಗೊತ್ತಿರುವ, ಚಿಕಿತ್ಸೆಯಿರುವ ಕಾಯಿಲೆಗಳೂ ತಪ್ಪಿಹೋಗುತ್ತವೆ. ಕೊರಿಯಾ ಅಂಥದ್ದು. ಅದರ ಕೈಕಾಲು ಚಲನೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಆದರೆ ಮಗುವಿನ ಹೃದಯ ಪರೀಕ್ಷೆ ಆಗಲೇಬೇಕು, ಸೋಂಕು ಮರುಕಳಿಸದಂತೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ವರ್ಷಗಳ ಕಾಲ ನಡೆಯಬೇಕು. ರುಮ್ಯಾಟಿಕ್ ಹೃದಯರೋಗ ಭಾರತದಲ್ಲಿ ಇನ್ನೂ ಇತಿಹಾಸದ ಪುಟ ಸೇರಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿ, ಶಾಲೆಗಳಲ್ಲಿ ಹುಡುಕುವ ಕಾಯಿಲೆಗಳ ಪಟ್ಟಿಯಲ್ಲಿ ಅದೂ ಇದೆ. ಇಂಥ ಇನ್ನೊಂದು ಕಾಯಿಲೆ, 2007ರಲ್ಲಿ ಜೋಸೆಪ್ ಡಾಲ್ಮೌ ಅವರ ತಂಡ ಗುರುತಿಸಿದ, ಎನ್‌ಎಂಡಿಎ ಎಂಬ ಗ್ರಾಹಕಗಳ ಮೇಲೆ ಪ್ರತಿಕಾಯಗಳು ಎರಗಿ ಆಗುವ ಮಿದುಳಿನ ಉರಿಯೂತ. ಹರ್ಪಿಸ್ ವೈರಸ್ಸಿನಿಂದ ಮಿದುಳು ಜ್ವರ ಬಂದು ಗುಣವಾದ ಮಕ್ಕಳಲ್ಲಿ ಕೆಲವರಿಗೆ ವಾರಗಳ ನಂತರ ಇದು ಎರಡನೆಯ ಹೊಡೆತವಾಗಿ ಬರುವುದುಂಟು. ಆರಂಭದಲ್ಲಿ ಇದೂ ವಿಚಿತ್ರ ನಡವಳಿಕೆಯಾಗಿಯೇ ತೋರಬಹುದು. ಮೂರ್ಛೆ, ಮಾತು ನಿಲ್ಲುವುದು, ಗೊಂದಲ, ಮುಖ ಬಾಯಿಯ ವಿಚಿತ್ರ ಚಲನೆ, ಮಂಪರು ಇವುಗಳಲ್ಲಿ ಯಾವುದು ಕಂಡರೂ ಅದು ತುರ್ತು. ಎಂಆರ್‌ಐ, ಇಇಜಿ, ಬೆನ್ನುಹುರಿಯ ದ್ರವದ ಪರೀಕ್ಷೆ ಬೇಕಾಗುತ್ತದೆ. ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್‌ನಂಥ ಚಿಕಿತ್ಸೆ ಬೇಗ ಸಿಕ್ಕಷ್ಟೂ ಚೇತರಿಕೆ ಒಳ್ಳೆಯದು. ಇಂಥ ಮಗುವನ್ನು ಗಾಳಿ ಸೋಕಿದೆ ಎಂದು ಊರೂರು ತಿರುಗಿಸಿದರೆ, ಅಥವಾ ಬರೀ ಮನೋರೋಗವೆಂದು ನಿದ್ದೆಗುಳಿಗೆ ಕೊಟ್ಟು ಕೂರಿಸಿದರೆ, ಕಳೆದುಹೋಗುವುದು ಬೆಲೆಕಟ್ಟಲಾಗದ ದಿನಗಳು.

ಅನುಮಾನ ಬಂದ ಮಕ್ಕಳಿಗೆಲ್ಲ ಆ್ಯಂಟಿಬಯಾಟಿಕ್ ಸುರಿಯುವುದೂ ಅಷ್ಟೇ ದೊಡ್ಡ ತಪ್ಪು. ಪರೀಕ್ಷೆಯಲ್ಲಿ ಸ್ಟ್ರೆಪ್ಟೊಕಾಕಸ್ ಕಂಡರೆ ವೈದ್ಯರು ಹೇಳಿದ ಮಾತ್ರೆಯನ್ನು ಹೇಳಿದಷ್ಟು ದಿನ, ಪೆನಿಸಿಲಿನ್ ಬಗೆಯದಾದರೆ ಹತ್ತು ದಿನವೂ ಪೂರ್ತಿ ಕೊಡಬೇಕು. ಗಂಟಲು ನೋವು ಎರಡೇ ದಿನಕ್ಕೆ ಇಳಿಯಿತೆಂದು ನಡುವೆ ಬಿಡಬಾರದು. ನೋವು ಶುರುವಾದ ಒಂಬತ್ತು ದಿನದೊಳಗೆ ಸರಿಯಾದ ಔಷಧಿ ಆರಂಭಿಸಿದರೆ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಆದರೆ ಸೋಂಕು ಇಲ್ಲದಿದ್ದಾಗ, ಒಂದು ವೇಳೆ ಇದ್ದೀತು ಎಂದು ತಿಂಗಳುಗಟ್ಟಲೆ ಆ್ಯಂಟಿಬಯಾಟಿಕ್ ಕೊಡುವುದಕ್ಕೆ ಗಟ್ಟಿ ಆಧಾರವಿಲ್ಲ. ಹೊಟ್ಟೆ ಕೆಡುವುದರ ಜೊತೆಗೆ ಔಷಧಿಗೆ ಬಗ್ಗದ ರೋಗಾಣುಗಳನ್ನು ನಾವೇ ಸಾಕಿದಂತಾಗುತ್ತದೆ. ದುಬಾರಿಯಾದ ಇಮ್ಯುನೊಗ್ಲಾಬ್ಯುಲಿನ್ ಚಿಕಿತ್ಸೆಯ ವಿಷಯದಲ್ಲೂ ತಾಳ್ಮೆ ಬೇಕು. 1999ರ ಸಣ್ಣ ಪ್ರಯೋಗವೊಂದು ಪ್ಯಾಂಡಾಸ್ ಮಕ್ಕಳಿಗೆ ಅದರಿಂದ ಅನುಕೂಲವಾಗಿದೆ ಎಂದಿತು. 2016ರಲ್ಲಿ 35 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ನಿಜವಾದ ಔಷಧಿಗೂ ಹುಸಿ ಔಷಧಿಗೂ ಆರು ವಾರದ ಹೊತ್ತಿಗೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಹೊಲ ಮನೆ ಅಡವಿಟ್ಟು ಇಂಥ ಚಿಕಿತ್ಸೆಗೆ ಓಡುವ ಮುನ್ನ ನರರೋಗ ತಜ್ಞರ ಜೊತೆ ಕೂತು ಇದು ಖಚಿತವಾದ ಮಿದುಳಿನ ಉರಿಯೂತವೋ, ಬರೀ ಶಂಕೆಯೋ ಎಂದು ಕೇಳಿ ತಿಳಿಯುವುದು ತಂದೆತಾಯಿಯ ಹಕ್ಕು.

ಕಾರಣ ದೇಹದಲ್ಲಿದ್ದರೆ ಮನೋಚಿಕಿತ್ಸೆಯಿಂದ ಏನು ಪ್ರಯೋಜನ ಎಂಬ ಮಾತು ಮನೆಗಳಲ್ಲಿ ಕೇಳಿಬರುತ್ತದೆ. ಕಾಲು ಮುರಿದದ್ದು ಮೂಳೆಯ ವಿಷಯ. ಆದರೂ ಮತ್ತೆ ನಡೆಯುವುದನ್ನು ಕಲಿಯುವುದು ಅಭ್ಯಾಸದಿಂದ. ಗೀಳೂ ಹಾಗೆಯೇ. ಅದು ಎಲ್ಲಿಂದ ಬಂದಿರಲಿ, ಮಗುವನ್ನು ಹಿಡಿದಿಡುವುದು ಒಂದೇ ರೀತಿಯಲ್ಲಿ: ಭಯ ಬರುತ್ತದೆ, ಕೈ ತೊಳೆದರೆ ಒಂದು ಕ್ಷಣ ನೆಮ್ಮದಿ ಸಿಗುತ್ತದೆ, ಆ ನೆಮ್ಮದಿಯೇ ಮುಂದಿನ ಸಲ ಭಯವನ್ನು ಇನ್ನಷ್ಟು ಬಲಪಡಿಸುತ್ತದೆ. ಭಯವನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುತ್ತ ತೊಳೆಯದೆ ಇರುವುದನ್ನು ಕಲಿಸುವ ವರ್ತನಾ ಚಿಕಿತ್ಸೆ ಮಕ್ಕಳ ಗೀಳಿಗೆ ಚೆನ್ನಾಗಿ ಪರೀಕ್ಷೆಗೊಂಡ ಚಿಕಿತ್ಸೆ. ಕಾಯಿಲೆ ಉಲ್ಬಣಿಸಿ ಮಗು ಊಟ ನಿದ್ದೆ ಬಿಟ್ಟಿರುವಾಗ ಇದನ್ನು ಹೇರಲಾಗದು. ಆಗ ಮೊದಲು ದೇಹಕ್ಕೆ ಆರೈಕೆ, ಬಿಸಿ ಇಳಿದ ಮೇಲೆ ಅಭ್ಯಾಸ. ಬೇಕಾದಾಗ ಮಾನಸಿಕ ತಜ್ಞರು ಗೀಳಿನ ಮಾತ್ರೆಯನ್ನು ಅತಿ ಕಡಿಮೆ ಪ್ರಮಾಣದಿಂದ ಆರಂಭಿಸುತ್ತಾರೆ. ಮಗು ಊಟ, ನೀರು ಎರಡನ್ನೂ ಬಿಟ್ಟು ತೂಕ ಇಳಿಯುತ್ತಿದ್ದರೆ, ಸಾಯುವ ಮಾತಾಡುತ್ತಿದ್ದರೆ ಕಾಯುವಂತಿಲ್ಲ, ಆಸ್ಪತ್ರೆಯೇ ಗತಿ.

ಮನೆಯಲ್ಲಿ ಅತಿ ಕಷ್ಟದ ಕೆಲಸವೆಂದರೆ ಪ್ರೀತಿಗೂ ಕಾಯಿಲೆಗೆ ಮಣಿಯುವುದಕ್ಕೂ ನಡುವಿನ ಗೆರೆ ಗುರುತಿಸುವುದು. "ಅಮ್ಮಾ, ನನ್ನ ಕೈ ಕ್ಲೀನಾಗಿದೆ ತಾನೆ?" ಎಂದು ಮಗು ನೂರನೆಯ ಸಲ ಕೇಳಿದಾಗ ನೂರನೆಯ ಸಲವೂ "ಹೌದು ಕಂದಾ" ಎನ್ನುವುದು ಕರುಣೆಯೇ. ಆದರೆ ಆ ಉತ್ತರವೂ ಕೈ ತೊಳೆದಂತೆಯೇ ಕೆಲಸ ಮಾಡುತ್ತದೆ, ಗೀಳಿಗೆ ಮೇವಾಗುತ್ತದೆ. ಮೊದಮೊದಲು ಮಣಿಯದೆ ವಿಧಿಯಿಲ್ಲ. ಚಿಕಿತ್ಸೆ ಆರಂಭವಾದ ಮೇಲೆ ತಜ್ಞರ ಸಲಹೆಯಂತೆ ಹತ್ತು ಉತ್ತರವನ್ನು ಎಂಟಕ್ಕೆ, ಎಂಟನ್ನು ಐದಕ್ಕೆ ಇಳಿಸಬೇಕು, ಒಮ್ಮೆಲೇ ಕತ್ತರಿಸಬಾರದು. "ಇದನ್ನು ಕೇಳುತ್ತಿರುವುದು ನೀನಲ್ಲ, ಗೀಳು. ನಾವಿಬ್ಬರೂ ಸೇರಿ ಅದಕ್ಕೆ ಕಾಯಲು ಹೇಳೋಣ" ಎಂಬ ಮಾತು ಮಗುವನ್ನು ಕಾಯಿಲೆಯಿಂದ ಬೇರೆಯಾಗಿ ನಿಲ್ಲಿಸುತ್ತದೆ. ಅಜ್ಜಿ, ಅಪ್ಪ, ದೊಡ್ಡಮ್ಮ ಎಲ್ಲರೂ ಒಂದೇ ಮಾತು ಹೇಳಿದರೆ ಮಾತ್ರ ಇದು ನಡೆಯುತ್ತದೆ. ಹೊಡೆದು ಬಿಡಿಸುತ್ತೇನೆ ಎನ್ನುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಗಮನವೆಲ್ಲ ಕಾಯಿಲೆಯ ಮಗುವಿನ ಕಡೆಗೇ ಹರಿದಾಗ ಮೂಲೆಗೆ ಸರಿದ ಅಣ್ಣನನ್ನೋ ತಂಗಿಯನ್ನೋ ದಿನಕ್ಕೆ ಅರ್ಧ ಗಂಟೆಯಾದರೂ ಹತ್ತಿರ ಕೂರಿಸಿಕೊಳ್ಳಬೇಕು. ರಾತ್ರಿಯೆಲ್ಲ ಎದ್ದಿರುವ ತಾಯಿಗೆ ಯಾರಾದರೂ ಒಂದು ಹೊತ್ತು ಬಿಡುವು ಕೊಡಬೇಕು.

ಶಾಲೆಯ ಮೇಷ್ಟ್ರು ಅಥವಾ ಟೀಚರ್ ಇದನ್ನು ಎಲ್ಲರಿಗಿಂತ ಮೊದಲು ಕಾಣಬಲ್ಲರು, ನೋಟ್‌ಬುಕ್ಕಿನಲ್ಲಿ. ಹದಿನೈದು ದಿನದ ಹಿಂದಿನ ಪುಟದಲ್ಲಿ ಅಕ್ಷರಗಳು ಸಾಲು ಹಿಡಿದು ನಿಂತಿವೆ. ಇವತ್ತಿನ ಪುಟದಲ್ಲಿ ತಲೆಕಟ್ಟು ಒಂದೆಡೆ, ಅಕ್ಷರ ಒಂದೆಡೆ. ಕೊಂಬುಗಳು, ಒತ್ತುಗಳು ಗೆರೆ ಬಿಟ್ಟು ಜಾರಿವೆ. ಒಂದೇ ಪದವನ್ನು ಅಳಿಸಿ ಬರೆದು, ಬರೆದು ಅಳಿಸಿ ಕಾಗದ ತೂತಾಗಿದೆ. ಜಾರಿದ ಗೆರೆ ಕೈಯ ಕಥೆ ಹೇಳುತ್ತದೆ, ತೂತು ಮನಸ್ಸಿನ ಕಥೆ ಹೇಳುತ್ತದೆ. ಆ ಎರಡು ಪುಟಗಳನ್ನು ತಂದೆತಾಯಿಗೆ ತೋರಿಸುವ ಶಿಕ್ಷಕರು ಮಗುವಿಗೆ ದೊಡ್ಡ ಉಪಕಾರ ಮಾಡಿದಂತೆ. ಅದನ್ನೇ ಸೋಮಾರಿತನವೆಂದು ಬೆಂಚಿನ ಮೇಲೆ ನಿಲ್ಲಿಸಿದರೆ ಗಾಯದ ಮೇಲೆ ಗಾಯ. ಶಾಲೆ ಮಾಡಬೇಕಾದ್ದು ದುಬಾರಿಯದ್ದಲ್ಲ: ಕೇಳಿದಾಗಲೆಲ್ಲ ಶೌಚಾಲಯಕ್ಕೆ ಬಿಡುವುದು, ಬರೆಯಲು ಹೆಚ್ಚು ಸಮಯ ಅಥವಾ ಬಾಯಿಮಾತಿನಲ್ಲಿ ಉತ್ತರ ಹೇಳಲು ಅವಕಾಶ ಕೊಡುವುದು, ಹೋಂವರ್ಕ್ ತಗ್ಗಿಸುವುದು, ಮೊದಲ ವಾರ ಎರಡು ಪೀರಿಯಡ್, ಮುಂದಿನ ವಾರ ಅರ್ಧ ದಿನ ಹೀಗೆ ಮಗುವನ್ನು ತರಗತಿಗೆ ಮರಳಿಸುವುದು. ಉಳಿದ ಮಕ್ಕಳಿಗೆ ಇಷ್ಟು ರಿಯಾಯಿತಿ ಇಲ್ಲವಲ್ಲ, ಇದು ನ್ಯಾಯವೇ ಎಂದರೆ, ಕೈಗೆ ಪ್ಲಾಸ್ಟರ್ ಹಾಕಿಕೊಂಡ ಮಗುವಿಗೆ ಬರೆಯಲೇಬೇಕೆಂದು ಯಾರೂ ಹೇಳುವುದಿಲ್ಲ. ಈ ಮಗುವಿನ ಪ್ಲಾಸ್ಟರ್ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಎಲ್ಲಿಂದ ಆರಂಭಿಸಬೇಕು? ಒಂದು ನೂರು ಪುಟದ ನೋಟ್‌ಬುಕ್‌ನಿಂದ. ಬದಲಾವಣೆ ಕಂಡ ದಿನ, ಅದಕ್ಕೆ ಹಿಂದಿನ ತಿಂಗಳುಗಳ ಜ್ವರ, ಗಂಟಲು ನೋವು, ಕೊಟ್ಟ ಔಷಧಿ, ಆಮೇಲೆ ದಿನದಿನದ ನಿದ್ದೆ, ಊಟ, ತೂಕ, ಮೂತ್ರ, ಗೀಳಿಗೆ ಹೋದ ಸಮಯ ಬರೆದಿಡಿ. ಕೈಬರಹದ ಹಳೆಯ, ಹೊಸ ಪುಟಗಳನ್ನು ಜೊತೆಗಿಡಿ. ವಿಚಿತ್ರ ಚಲನೆ ಕಂಡರೆ ಮೊಬೈಲಿನಲ್ಲಿ ಅರ್ಧ ನಿಮಿಷ ಚಿತ್ರಿಸಿಕೊಳ್ಳಿ, ವೈದ್ಯರ ಎದುರು ಅದು ಕಾಣಿಸದೇ ಹೋಗಬಹುದು. ಮೊದಲು ಮಕ್ಕಳ ವೈದ್ಯರು. ಅವರು ಗಂಟಲು, ಹೃದಯ, ಕೈಕಾಲಿನ ಚಲನೆ ನೋಡಿ ನರರೋಗ ತಜ್ಞರಿಗೋ ಮಕ್ಕಳ ಮಾನಸಿಕ ತಜ್ಞರಿಗೋ ಕಳಿಸುತ್ತಾರೆ. ಈ ಇಬ್ಬರೂ ಒಂದೇ ಅಂಗಳದಲ್ಲಿ ಸಿಗುವ ಬೆಂಗಳೂರಿನ ನಿಮ್ಹಾನ್ಸ್ ಕರ್ನಾಟಕದ ಭಾಗ್ಯ. ಗೀಳು ಕಾಯಿಲೆಗೆಂದೇ ಅಲ್ಲಿ ಪ್ರತ್ಯೇಕ ಕ್ಲಿನಿಕ್ ಇದೆ. ದೂರದವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಕಾಣಬಹುದು. 1996ರಲ್ಲಿ ದೇಶದಲ್ಲಿ ಆರಂಭವಾದ ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ. ತಕ್ಷಣ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸಿಡೆನ್‌ಹ್ಯಾಮ್ ಕಂಡ ಮಕ್ಕಳ ಕುಣಿತ ಒಂದು ಸೋಂಕಿನ ನೆರಳು ಎಂದು ಗೊತ್ತಾಗಲು ಶತಮಾನಗಳು ಬೇಕಾದವು. ಪ್ಯಾನ್ಸ್ ಎಂಬ ಹೆಸರಿನ ಕೆಳಗೆ ಇಂದು ಸೇರಿಸಿರುವ ಮಕ್ಕಳಲ್ಲಿ ಎಷ್ಟು ಮಂದಿಗೆ ಅಂಥದೇ ಮೂಲವಿದೆ ಎಂಬುದನ್ನು ಮುಂದಿನ ಸಂಶೋಧನೆ ಹೇಳಬೇಕು, ಹೇಳಲಿ. ಅಲ್ಲಿಯವರೆಗೆ ಯಾವುದು ಖಚಿತ, ಯಾವುದು ಶಂಕೆ ಎಂದು ವೈದ್ಯರು ಬಿಚ್ಚಿ ಹೇಳಲಿ, ಮನೆಯವರು ಆ ಅರ್ಧ ಉತ್ತರದೊಂದಿಗೇ ಮಗುವಿನ ಪಕ್ಕ ನಿಲ್ಲಲಿ. "ಯಾವತ್ತಿನಿಂದ ಹೀಗೆ?" ಎಂಬ ಪ್ರಶ್ನೆಗೆ ಈ ತಂದೆತಾಯಿಯ ಬಳಿ ಒಂದು ದಿನಾಂಕವಿದೆ. ಯಾವತ್ತಿಗೆ ಸರಿಹೋಗುತ್ತದೆ ಎಂದು ಅವರು ತಿರುಗಿ ಕೇಳಿದರೆ ವೈದ್ಯರ ಬಳಿ ದಿನಾಂಕವಿಲ್ಲ. ಈ ಕಾಯಿಲೆ ಇಳಿಯುತ್ತದೆ, ಕೆಲವರಲ್ಲಿ ಮತ್ತೆ ಏರುತ್ತದೆ, ಇನ್ನೊಂದು ಗಂಟಲು ನೋವಿನ ಹೊತ್ತಿಗೆ ಮನೆಮಂದಿಯ ಎದೆ ಮತ್ತೆ ಢವಗುಟ್ಟುತ್ತದೆ. ಹಾಗಾಗಿಯೇ ಆಸರೆ ಒಂದು ವಾರದ ಉತ್ಸಾಹವಾಗಬಾರದು. ಮಗು ಚೆನ್ನಾಗಿರುವ ದಿನಗಳಲ್ಲೂ ಆ ನೋಟ್‌ಬುಕ್ ಕೈಗೆ ಸಿಗುವಲ್ಲಿ ಇರಲಿ, ಶಾಲೆಯ ರಿಯಾಯಿತಿ ಕಾಗದ ಫೈಲಿನಲ್ಲಿ ಇರಲಿ. ಇನ್ನೊಂದು ಸಲ ಬಂದರೆ ಮೊದಲ ದಿನವೇ ಗುರುತಿಸಲು ಈಗ ಎಲ್ಲರಿಗೂ ಗೊತ್ತಿದೆ ಎಂಬ ಧೈರ್ಯ ಆ ಮಗುವಿಗೆ ಇರಲಿ.